ಒಂದೂವರೆ ವರ್ಷದ ಹೂಂ

ಅವನಿಗೆ ಹೂಂರಾಯ ಎಂಬ ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಕುರ್ಚಿಯಲ್ಲಿ ಕೂತ ಗಿರಾಕಿ ಈ ಸಲ ಆಳುವ ಪಕ್ಷವೇ ಗೆಲ್ಲುತ್ತದೆ ಎಂದರೆ ಹೂಂ. ಅರ್ಧ ಗಂಟೆ ಬಿಟ್ಟು ಅದೇ ಕುರ್ಚಿಯಲ್ಲಿ ಕೂತ ಇನ್ನೊಬ್ಬ, ಆ ಪಕ್ಷ ನೆಲ ಕಚ್ಚುತ್ತದೆ ಎಂದರೆ ಅದಕ್ಕೂ ಹೂಂ. ಮಾವ ಬಂದು ಅಳಿಯನನ್ನು ಬೈದರೆ ಹೂಂ, ವಾರ ಬಿಟ್ಟು ಅಳಿಯ ಬಂದು ಮಾವನನ್ನು ಬೈದರೂ ಹೂಂ. ಕಿವಿಯ ಪಕ್ಕದಲ್ಲೇ ಕತ್ತರಿ ಆಡಿಸುವವನಿಗೆ ಸ್ವಂತ ಅಭಿಪ್ರಾಯ ಇರಬಾರದು, ಇದ್ದರೆ ಗಿರಾಕಿಗೆ ಕೂತಲ್ಲೇ ಕಸಿವಿಸಿ ಆಗುತ್ತದೆ ಎಂದು ಅವನು ತನ್ನನ್ನು ಸಮರ್ಥಿಸಿಕೊಳ್ಳುತ್ತಿದ್ದ. ಮಾತೇನೋ ಚೆನ್ನಾಗಿಯೇ ಇದೆ. ಆದರೆ ಮನೆಗೆ ಹೋದ ಮೇಲೂ, ಕೈಯಲ್ಲಿ ಕತ್ತರಿ ಇಲ್ಲದಾಗಲೂ ಅವನ ಬಾಯಿಂದ ಬೇರೆ ಅಕ್ಷರ ಹೊರಡುತ್ತಿರಲಿಲ್ಲವಲ್ಲ, ಅದಕ್ಕೇನು ಹೇಳೋಣ? ಒಮ್ಮೆ ಹೆಂಡತಿ ಪರೀಕ್ಷೆ ಮಾಡಲೆಂದೇ, ನಾಳೆಯಿಂದ ನಿಮ್ಮನ್ನ ತಿಂಗಳ ಬಾಡಿಗೆಗೆ ಬಿಡೋಣ ಅಂತಿದೀನಿ ಎಂದಳಂತೆ. ಇವನು ಪೇಪರಿನಿಂದ ತಲೆ ಎತ್ತದೆ ಹೂಂ ಅಂದನಂತೆ.

ಅಂಗಡಿ ಅವನದಲ್ಲ, ದೊಡ್ಡಪ್ಪನದು. ಎರಡು ಕುರ್ಚಿ, ಎರಡಕ್ಕೂ ಸೇರಿ ಗೋಡೆಯುದ್ದದ ಒಂದೇ ಕನ್ನಡಿ, ಹಿಂದೆ ಕಾಯುವವರಿಗೆ ಒಂದು ಬೆಂಚು. ಕಿಟಕಿಯ ಪಕ್ಕದ ಕುರ್ಚಿ ದೊಡ್ಡಪ್ಪನದು, ಒಳಗಿನದು ಹೂಂರಾಯನದು. ಅಪ್ಪ ಅಮ್ಮ ಇಬ್ಬರೂ ಒಂದೇ ವರ್ಷದಲ್ಲಿ ತೀರಿಕೊಂಡಾಗ ಆರು ವರ್ಷದ ಇವನನ್ನು ತೋಳಲ್ಲಿ ಎತ್ತಿಕೊಂಡು ಬಂದು ಆ ಬೆಂಚಿನ ಮೇಲೆ ಕೂರಿಸಿದ ಮನುಷ್ಯ ಆತ. ಅನ್ನ ಹಾಕಿದ, ಓದಿಸಲು ನೋಡಿದ, ಓದು ಹತ್ತಲಿಲ್ಲ, ಕತ್ತರಿ ಹಿಡಿಸಿದ. ಹದಿನಾರರಲ್ಲಿ ಮೂಗಿನ ಕೆಳಗೆ ನಾಲ್ಕು ಕೂದಲು ಬಂದಾಗ ಮೊದಲ ಶೇವಿಂಗ್ ಮಾಡಿದವನೂ ಆತನೇ. ಈಗ ಎಪ್ಪತ್ತನಾಲ್ಕು. ಊರಲ್ಲಿ ಎಲ್ಲರೂ ಒಮ್ಮೆ ಬಳಸಿ ಎಸೆಯುವ ಬ್ಲೇಡಿಗೆ ಹೋದರೂ ಆತ ಮಾತ್ರ ತನ್ನ ಗುರು ಕೊಟ್ಟ ಮಡಚುವ ಕತ್ತಿ ಬಿಟ್ಟವನಲ್ಲ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ ಕೂಡಲೆ ಗೋಡೆಗೆ ತೂಗುಹಾಕಿದ ಚರ್ಮದ ಪಟ್ಟಿಯ ಮೇಲೆ ಆ ಕತ್ತಿಯನ್ನು ಚಟ್ ಚಟ್ ಎಂದು ಎಳೆಯುವ ಸದ್ದು ಬೀದಿಗೆ ಕೇಳಬೇಕು. ಕೆಲಸ ಮುಗಿದ ಮೇಲೆ ಗಿರಾಕಿಯ ಭುಜ ತಟ್ಟಿ ಒಂದೇ ಮಾತು ಕೇಳುತ್ತಿದ್ದ: "ಸರಿ ಆಯ್ತಾ?"

ಆತನ ಕೈ ನಡುಗಲು ಶುರುವಾಗಿ ಒಂದೂವರೆ ವರ್ಷ ಆಗಿತ್ತು. ಮೊದಲು ಗೊತ್ತಾದದ್ದು ಚಹಾದ ಲೋಟದಿಂದ. ಮೇಜಿಗೆ ಇಡುವಾಗ ಲೋಟ ಎರಡು ಮೂರು ಸಲ ಟಕಟಕ ಅಂದು ಆಮೇಲೆ ಕೂರುತ್ತಿತ್ತು. ಆಮೇಲೆ ಬಾಗಿಲಿನ ಬೀಗ ಕೀಲಿಕೈಗೆ ಸಿಗದಾಯಿತು. ಆಮೇಲೆ ಒಂದು ದಿನ ಅಂಚೆಯವನ ಕಿವಿಯ ಕೆಳಗೆ ಸಣ್ಣದೊಂದು ಕೆಂಪು ಗೆರೆ. ದೊಡ್ಡಪ್ಪ ಗಾಯಕ್ಕೆ ಉಜ್ಜುವ ಪಟಿಕದ ಕಲ್ಲು ತಂದು ಉಜ್ಜಿದ, ಸರಿ ಆಯ್ತಾ ಎಂದು ಕೇಳಿದ. ಅಂಚೆಯವನು ಕಣ್ಣಲ್ಲಿ ನೀರು ತುಂಬಿಕೊಂಡೇ ಸರಿಯಾಯ್ತು ಅಂದ. ಪಾಪ, ಅವನೂ ಏನು ಮಾಡಿಯಾನು? ಇಪ್ಪತ್ತು ವರ್ಷದ ಪರಿಚಯ.

ಅವತ್ತಿನಿಂದ ಬೆಂಚಿನ ಮೇಲೊಂದು ನಾಟಕ ಶುರುವಾಯಿತು. ಕಿಟಕಿಯ ಪಕ್ಕದ ಕುರ್ಚಿ ಖಾಲಿಯಾಗಿ ದೊಡ್ಡಪ್ಪ ಬನ್ನಿ ಎಂದು ಬಟ್ಟೆ ಕೊಡವಿದರೆ ಸಾಕು, ಕಾಯುತ್ತಿದ್ದವರೆಲ್ಲ ಒಟ್ಟಿಗೆ ಪೇಪರಿನೊಳಗೆ ಮುಖ ಹುದುಗಿಸುತ್ತಿದ್ದರು. ಒಬ್ಬನಿಗೆ ಅರ್ಧ ಓದಿದ ಸುದ್ದಿ ಮುಗಿಸಬೇಕು. ಇನ್ನೊಬ್ಬನಿಗೆ ತನಗಿಂತ ಪಕ್ಕದವರು ಮೊದಲು ಬಂದವರು ಎಂಬ ನ್ಯಾಯನಿಷ್ಠೆ. ಮತ್ತೊಬ್ಬನಿಗೆ ಇದ್ದಕ್ಕಿದ್ದಂತೆ ಫೋನು. ಹೂಂರಾಯನ ಕುರ್ಚಿ ಖಾಲಿಯಾದ ತಕ್ಷಣ ಮೂವರೂ ಒಮ್ಮೆಲೇ ಎದ್ದು ಮಂಡಿಗೆ ಮಂಡಿ ತಾಗಿಸಿಕೊಳ್ಳುತ್ತಿದ್ದರು. ದೊಡ್ಡಪ್ಪ ಬಟ್ಟೆಯನ್ನು ಮತ್ತೆ ಮಡಚಿ, ಊರಲ್ಲಿ ಓದುವ ಹವ್ಯಾಸ ಎಷ್ಟು ಹೆಚ್ಚಿದೆ ನೋಡು ಅನ್ನುತ್ತಿದ್ದ. ಹೂಂರಾಯ ಹೂಂ ಅನ್ನುತ್ತಿದ್ದ.

ಆ ಕುರ್ಚಿಗೆ ತಪ್ಪದೆ ಬಂದು ಕೂರುತ್ತಿದ್ದವರು ಒಬ್ಬರೇ, ಭಂತೆ. ಎದುರು ಸಾಲಿನ ಸೈಕಲ್ ರಿಪೇರಿ ಅಂಗಡಿಯ ಮಾಳಿಗೆಯಲ್ಲಿ ಎರಡು ಕೋಣೆ ಮಾಡಿಕೊಂಡಿದ್ದ ಬೌದ್ಧ ಭಿಕ್ಷು. ಎಲ್ಲರೂ ಅವರನ್ನು ಭಂತೆ ಎಂದೇ ಕರೆಯುತ್ತಿದ್ದರು. ಗುಂಡಗಿನ ಮನುಷ್ಯ, ನಕ್ಕರೆ ಮೊದಲು ಹೊಟ್ಟೆ ಅಲುಗಿ ಆಮೇಲೆ ಸದ್ದು ಬರುತ್ತಿತ್ತು. ಭಿಕ್ಷುವಿನ ಕಾವಿ ಚೀವರ ಉಡುವ ಮೊದಲು ಅವರು ಫುಟ್ಬಾಲ್ ರೆಫರಿಯಾಗಿದ್ದರು ಎಂದರೆ ಯಾರೂ ನಂಬುವುದಿಲ್ಲ, ಆದರೆ ನಿಜ. ಮೈದಾನ ತುಂಬ ಜನ ಅಪ್ಪ ಅಮ್ಮನಿಂದ ಹಿಡಿದು ವಂಶವನ್ನೆಲ್ಲ ಬಯ್ಯುವಾಗ ಕದಲದೆ ಸೀಟಿ ಊದಿ, ಊರಿನ ಮೆಚ್ಚಿನ ಆಟಗಾರನಿಗೆ ಕೆಂಪು ಕಾರ್ಡು ತೋರಿಸಿ, ಮೈಮೇಲೆ ಬಿದ್ದ ಟೊಮ್ಯಾಟೊ ಒರೆಸಿಕೊಂಡು ಮನೆಗೆ ಬಂದವರು. ಇಂಥವರು ಹದಿನೈದು ದಿನಕ್ಕೊಮ್ಮೆ ಶನಿವಾರ ಹತ್ತು ಗಂಟೆಗೆ ಬಂದು ತಲೆ ಒಪ್ಪಿಸುತ್ತಿದ್ದರು. ಮರುದಿನ ಭಾನುವಾರ ಮಾಳಿಗೆಯಲ್ಲಿ ಅವರು ನಡೆಸುವ ಧ್ಯಾನದ ಹೊತ್ತಿಗೆ ಅವರ ಬೋಳುತಲೆಯ ಮೇಲೆ ಅಲ್ಲಲ್ಲಿ ಗಾಯಕ್ಕೆ ಒತ್ತಿದ ಹತ್ತಿಯ ತುಣುಕು ಅಂಟಿರುತ್ತಿತ್ತು. ಎದುರಿಗೆ ಕೂತ ಹೂಂರಾಯ ಉಸಿರು ಎಣಿಸುವುದು ಬಿಟ್ಟು ಹತ್ತಿ ಎಣಿಸುತ್ತಿದ್ದ. ಒಂದು ಸಲ ಎರಡು, ಇನ್ನೊಂದು ಸಲ ಮೂರು.

ಹೂಂರಾಯ ಆ ಮಾಳಿಗೆ ಹತ್ತಲು ಶುರುಮಾಡಿ ಐದಾರು ವರ್ಷವಾಗಿತ್ತು. ಧ್ಯಾನದಲ್ಲಿ ಬಾಯಿ ತೆರೆಯುವ ಪ್ರಸಂಗವಿಲ್ಲವಲ್ಲ, ಅದು ಅವನಿಗೆ ಬಹಳ ಹಿಡಿಸಿತ್ತು. ಭಯದ ಬಗ್ಗೆ ಭಂತೆ ಹೇಳುತ್ತಿದ್ದುದೂ ಹಿಡಿಸಿತ್ತು. ಭಯ ಬಂದರೆ ಅಟ್ಟಬೇಡಿ, ಬಂತು ಅಂತ ಗುರುತಿಸಿ, ಒಂದು ಕುರ್ಚಿ ಕೊಟ್ಟು ಕೂರಿಸಿ, ಮುಖ ಸರಿಯಾಗಿ ನೋಡಿ, ಆಮೇಲೆ ಅದರ ಪಾಡಿಗೆ ಅದು ಎದ್ದು ಹೋಗುತ್ತದೆ ಎನ್ನುತ್ತಿದ್ದರು. ಕುರ್ಚಿ ಕೊಡುವುದು ಹೂಂರಾಯನ ಕಸುಬೇ. ಕೊಟ್ಟ. ಅವನ ಭಯಗಳು ಬಂದು ಕೂತವು, ಕಾಲ ಮೇಲೆ ಕಾಲು ಹಾಕಿ ಪೇಪರು ಓದತೊಡಗಿದವು. ಏಳುವ ಲಕ್ಷಣ ಕಾಣಲಿಲ್ಲ.

ಅದಕ್ಕಿಂತ ಅನುಕೂಲವಾದದ್ದು ಒಳ್ಳೆಯ ಮಾತಿನ ಪಾಠ. ಮಾತು ನಿಜವಾಗಿರಬೇಕು, ಮೆತ್ತಗಿರಬೇಕು, ಕೇಳುವವನಿಗೆ ಉಪಯೋಗವಾಗಬೇಕು, ಸರಿಯಾದ ಹೊತ್ತಿಗೆ ಬರಬೇಕು ಎಂದು ಭಂತೆ ಹೇಳಿದ್ದರು. ಹೂಂರಾಯ ಮೊದಲ ಮೂರನ್ನು ಬಿಟ್ಟು ನಾಲ್ಕನೆಯದನ್ನು ಗಟ್ಟಿಯಾಗಿ ಹಿಡಿದ. ಬೆಳಿಗ್ಗೆ ದೊಡ್ಡಪ್ಪನ ಚಹಾ ಆಗಿರುವುದಿಲ್ಲ, ಅದು ಸರಿಯಾದ ಹೊತ್ತಲ್ಲ. ಚಹಾ ಆದ ಮೇಲೆ ಆತ ಖುಷಿಯಲ್ಲಿರುತ್ತಾನೆ, ಖುಷಿ ಕೆಡಿಸಬಾರದು. ಮಧ್ಯಾಹ್ನ ಗಿರಾಕಿಗಳಿರುತ್ತಾರೆ, ಸಂಜೆ ಸುಸ್ತಾಗಿರುತ್ತಾನೆ. ಮುದುಕನ ಮನಸ್ಸು ನೋಯಿಸಬಾರದು, ಇದೂ ಒಂದು ಕರುಣೆಯೇ ತಾನೆ ಎಂದು ಹಿಗ್ಗಿದ. ಹೇಡಿತನಕ್ಕೆ ಕರುಣೆಯ ಬಟ್ಟೆ ಉಡಿಸಿದರೆ ಎಷ್ಟು ಲಕ್ಷಣವಾಗಿ ಕಾಣುತ್ತದೆ ಎಂದರೆ ಉಡಿಸಿದವನಿಗೇ ಗುರುತು ಸಿಗುವುದಿಲ್ಲ.

ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಒಂದು ಶುಕ್ರವಾರ ದೊಡ್ಡಪ್ಪ ಊಟಕ್ಕೆ ಹೋದಾಗ ಹೂಂರಾಯ ಆತನ ಕತ್ತಿಯನ್ನು ತೆಗೆದು ಹಿತ್ತಲಿನ ಕಲ್ಲಿಗೆ ಅಡ್ಡಡ್ಡ ಉಜ್ಜಿ ಮೊಂಡು ಮಾಡಿಟ್ಟ. ಕತ್ತಿ ಕೆಟ್ಟಿತು, ಇನ್ನು ಸಾಕು ಎಂದು ದೊಡ್ಡಪ್ಪ ತಾನಾಗಿಯೇ ಕೈಬಿಡಲಿ ಎಂಬುದು ಅವನ ಉಪಾಯ. ಮೊಂಡು ಕತ್ತಿಯೇ ಹೆಚ್ಚು ಕೊಯ್ಯುವುದು ಎಂಬುದು ಈ ಕಸುಬಿನಲ್ಲಿ ಮೊದಲ ದಿನ ಕಲಿಸುವ ಪಾಠ. ಹರಿತವಾದದ್ದು ಜಾರಿಕೊಂಡು ಹೋಗುತ್ತದೆ, ಮೊಂಡಾದದ್ದು ಚರ್ಮವನ್ನು ಎಳೆದು ಹಿಡಿದು ಕಚ್ಚುತ್ತದೆ. ಇಪ್ಪತ್ತೈದು ವರ್ಷ ಕತ್ತಿ ಹಿಡಿದವನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಹೆದರಿದವನು ಎಲ್ಲಕ್ಕಿಂತ ಮೊದಲು ಮರೆಯುವುದು ಕಲಿತ ವಿದ್ಯೆಯನ್ನೇ. ಶನಿವಾರ ದೊಡ್ಡಪ್ಪ ಪಟ್ಟಿಯ ಮೇಲೆ ಕತ್ತಿ ಎಳೆದ, ತಡೆದು ನೋಡಿದ, ಮತ್ತೆ ಎಳೆದ, ಏನೂ ಹೇಳದೆ ಕೆಲಸಕ್ಕೆ ನಿಂತ. ಭಾನುವಾರ ಭಂತೆಯವರ ತಲೆಯ ಮೇಲೆ ಐದು ಹತ್ತಿ.

ಆ ವಾರದ ನಡುವೆ ಹೆಂಡತಿ ಸುದ್ದಿ ತಂದಳು. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಊರಿನ ಅರ್ಧ ಜನರ ಒಳಗುಟ್ಟು ಅವಳಿಗೆ ಗೊತ್ತು, ಹೇಳುವವಳಲ್ಲ. ಇದನ್ನು ಮಾತ್ರ ಚಪ್ಪಲಿ ಬಿಡುವ ಮೊದಲೇ ಹೇಳಿದಳು. ಭಂತೆಯವರಿಗೆ ಎದೆನೋವು ಬಂದು ಡಾಕ್ಟರು ರಕ್ತ ತೆಳುವಾಗುವ ಮಾತ್ರೆ ಬರೆದುಕೊಟ್ಟಿದ್ದರು. ಇನ್ನು ಮೇಲೆ ಸಣ್ಣ ಗಾಯವಾದರೂ ರಕ್ತ ಬೇಗ ನಿಲ್ಲುವುದಿಲ್ಲ. ತಲೆಯ ಗಾಯವಂತೂ ಮೊದಲೇ ಹೆಚ್ಚು ಸುರಿಯುವಂಥದ್ದು. ಮುಂದಿನ ಶನಿವಾರ ಬಿಟ್ಟು ಆಚೆ ಶನಿವಾರ ಅವರು ಕಿಟಕಿ ಪಕ್ಕದ ಕುರ್ಚಿಗೆ ಬರುತ್ತಾರೆ. ಅವಳು ಲೆಕ್ಕ ಹಾಕಿ ಹೇಳಿದಳು, ಆಮೇಲೆ ನಿಧಾನವಾಗಿ ಕೇಳಿದಳು.

"ರೀ, ನೀವು ಹೇಳ್ತೀರೋ, ನಾನು ಹೇಳ್ಲೋ?"

ಹೂಂರಾಯ ಅಭ್ಯಾಸಬಲದಿಂದ ಹೂಂ ಅಂದ. ಯಾವುದಕ್ಕೆ ಹೂಂ ಎಂದು ಅವಳು ಪಟ್ಟು ಹಿಡಿದಳು. ತಾನೇ ಹೇಳುತ್ತೇನೆ ಎಂದು ಒಪ್ಪಿಕೊಂಡ. ಅವತ್ತು ಅವನಿಗೆ ಅನ್ನ ಇಳಿಯಲಿಲ್ಲ. ಹೇಳದಿದ್ದರೆ ಭಂತೆಯವರ ಪ್ರಾಣಕ್ಕೆ ಸಂಚಕಾರ. ಹೇಳಿದರೆ ದೊಡ್ಡಪ್ಪನ ಕೈಯಿಂದ ಕತ್ತಿ ಕಿತ್ತುಕೊಂಡ ಹಾಗೆ, ಕತ್ತಿ ಇಲ್ಲದ ದೊಡ್ಡಪ್ಪನನ್ನು ಅವನು ಕನಸಿನಲ್ಲೂ ಕಂಡವನಲ್ಲ. ಬೆಂಚಿನ ಮೇಲೆ ಅಳುತ್ತ ಕೂತಿದ್ದ ಹುಡುಗನ ಕಣ್ಣೊರೆಸಿದ ಕೈ ಅದು. ಆ ಕೈಗೆ ನೀನು ಇನ್ನು ಕೆಲಸಕ್ಕೆ ಬಾರೆ ಎಂದು ಹೇಗೆ ಹೇಳುವುದು?

ನಡುವಿನ ಭಾನುವಾರ ತಿಂಗಳ ಕೊನೆಯ ಭಾನುವಾರವಾಗಿತ್ತು. ಮಾಳಿಗೆಯಲ್ಲಿ ಆ ದಿನಕ್ಕೆ ಬೇರೆ ಕ್ರಮ. ಧ್ಯಾನ ಮುಗಿದ ಮೇಲೆ ವೃತ್ತವಾಗಿ ಕೂತು ಒಬ್ಬೊಬ್ಬರೂ ಕೈಮುಗಿದು, ನನ್ನಲ್ಲಿ ಏನು ತಪ್ಪು ಕಂಡಿದ್ದೀರೋ ಕರುಣೆಯಿಟ್ಟು ಹೇಳಿ ಎಂದು ಉಳಿದವರನ್ನು ಕೇಳಬೇಕು. ಬುದ್ಧನ ಕಾಲದಿಂದ ಭಿಕ್ಷುಗಳು ನಡೆಸಿಕೊಂಡು ಬಂದ ಪದ್ಧತಿ, ನಮಗೂ ಇರಲಿ ಎಂದು ಭಂತೆ ಶುರುಮಾಡಿಸಿದ್ದರು. ಶುರುವಾದಾಗಿನಿಂದ ಅಲ್ಲಿ ಒಂದೇ ಒಂದು ತಪ್ಪು ಪತ್ತೆಯಾಗಿರಲಿಲ್ಲ. ಕೂತ ಆರು ಜನರೂ ಅಷ್ಟು ಸಭ್ಯರು. ನೀವು ಎಲ್ಲರಿಗೂ ಜಾಸ್ತಿ ಸಹಾಯ ಮಾಡ್ತೀರಿ, ಅದೇ ತಪ್ಪು ಎಂದು ಬಸ್ ಡ್ರೈವರ್ ಕನ್ನಡಕದಂಗಡಿಯ ಅಕ್ಕನಿಗೆ ಹೇಳುವುದು. ನೀವು ನಿಮ್ಮ ಆರೋಗ್ಯ ನೋಡ್ಕೊಳ್ಳಲ್ಲ ಎಂದು ಆಕೆ ಡ್ರೈವರನಿಗೆ ಹೇಳುವುದು. ಇಬ್ಬರೂ ಗಂಭೀರವಾಗಿ ತಲೆ ಬಾಗಿಸುವುದು. ಆಮೇಲೆ ಚಹಾ.

ಅವತ್ತು ಎಂದಿನಂತೆ ಭಂತೆ ಮೊದಲು ಕೇಳಿದರು. ಎಂದಿನಂತೆ ಎಲ್ಲರೂ ನೆಲ ನೋಡಿದರು. ಅವರು ಇನ್ನೇನು ಮುಂದಿನವರ ಕಡೆ ತಿರುಗಬೇಕು, ಅಷ್ಟರಲ್ಲಿ ಹೂಂರಾಯನ ಗಂಟಲಿನಿಂದ ಒಂದು ಸದ್ದು ಬಂತು. ಅದು ಹೂಂ ಆಗಿರಲಿಲ್ಲ. ಪಕ್ಕದ ಡ್ರೈವರ್ ಇವನಿಗೆ ಬಿಕ್ಕಳಿಕೆ ಬಂತು ಎಂದುಕೊಂಡು ನೀರಿನ ಲೋಟ ಮುಂದೆ ತಳ್ಳಿದ.

"ಭಂತೆ, ನಿಮಗೆ ನಮ್ಮ ದೊಡ್ಡಪ್ಪನ್ನ ಕಂಡ್ರೆ ಭಯ," ಅಂದ ಹೂಂರಾಯ.

ಒಮ್ಮೆ ಬಾಯಿ ತೆರೆದುಕೊಂಡದ್ದು ಮುಚ್ಚಲು ಬರದೆ ಅವನು ಎಲ್ಲವನ್ನೂ ಹೇಳಿಬಿಟ್ಟ. ಒಂದೂವರೆ ವರ್ಷದಿಂದ ತಲೆ ಕುಯ್ಯಿಸಿಕೊಂಡು ಬಂದು ಇಲ್ಲಿ ಧೈರ್ಯದ ಪಾಠ ಮಾಡುತ್ತೀರಿ, ಅಲ್ಲಿ ಸರಿ ಆಯ್ತಾ ಎಂದರೆ ಬಹಳ ಚೆನ್ನಾಗಾಯ್ತು ಎನ್ನುತ್ತೀರಿ, ಸುಳ್ಳು ಹೇಳಬಾರದು ಎಂಬ ನಿಮ್ಮ ಶೀಲ ಈ ಮಾಳಿಗೆಯಲ್ಲೇ ಉಳಿಯುತ್ತದಾ ಅಂದ. ಕನ್ನಡಕದಂಗಡಿಯ ಅಕ್ಕ ಬಾಯಿಗೆ ಸೆರಗು ಹಿಡಿದಳು. ಭಂತೆಯವರ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಸದ್ದು ಬಂತು. ನಕ್ಕು ನಕ್ಕು ಕಣ್ಣೊರೆಸಿಕೊಂಡು, ನಿಜ, ಬೈಗುಳಕ್ಕೆ ಹೆದರಿದವನಲ್ಲ ನಾನು, ಆದರೆ ಆ ಮುದುಕ ಸರಿ ಆಯ್ತಾ ಎಂದು ಕೇಳಿದಾಗ ಅವನ ಮುಖ ಬಾಡುವುದನ್ನು ನೋಡಲು ಧೈರ್ಯ ಸಾಲಲಿಲ್ಲ ಎಂದು ಒಪ್ಪಿಕೊಂಡರು. ಆರು ಜನರಿಗೂ ಕೈಮುಗಿದರು. ಹೂಂರಾಯನಿಗೆ ಎದೆ ಎರಡು ಅಂಗುಲ ಅಗಲವಾಯಿತು. ಧೈರ್ಯ ಅಂದರೆ ಇಷ್ಟೇನಾ, ಮೊದಲೇ ಮಾಡಬಹುದಿತ್ತಲ್ಲ ಅನ್ನಿಸಿತು.

ಆಗ ಭಂತೆ ಅವನ ಕಡೆ ತಿರುಗಿ, ಈಗ ನಿನ್ನ ಸರದಿ, ಕೇಳು ಅಂದರು. ಅವನು ಹುಮ್ಮಸ್ಸಿನಲ್ಲೇ ಕೈಮುಗಿದು ಕೇಳಿದ.

"ನೀನು ಹೇಳಿದ್ದೆಲ್ಲ ನಿಜ ಕಣಪ್ಪ," ಅಂದರು ಭಂತೆ. "ಆದ್ರೆ ಹೇಳಿದ್ದು ಯಾರಿಗೆ? ನನಗೆ. ನಾನು ನಗ್ತೀನಿ ಅಂತ ನಿನಗೆ ಗೊತ್ತಿತ್ತು."

ಎದೆ ಮತ್ತೆ ಅಳತೆಗೆ ಬಂತು. ಆ ಭಾನುವಾರ ಚಹಾ ಯಾರಿಗೂ ರುಚಿಸಲಿಲ್ಲ. ಬಸ್ ಡ್ರೈವರ್ ಮಾತ್ರ, ಅಭ್ಯಾಸ ಮಾಡಿದರೆ ಎಲ್ಲ ಬರುತ್ತದೆ, ತಾನು ಬಸ್ಸನ್ನು ಹಿಂದಕ್ಕೆ ತೆಗೆಯುವುದು ಕಲಿತದ್ದೂ ಹಾಗೆಯೇ ಎಂದು ಹೂಂರಾಯನನ್ನು ಮೂಲೆಗೆ ಕರೆದುಕೊಂಡು ಹೋಗಿ ತಾನೇ ದೊಡ್ಡಪ್ಪನಾಗಿ ನಿಂತ. ಹೇಳು ಅಂದ. ಇವನು ಬೇಡ ದೊಡ್ಡಪ್ಪ ಎನ್ನಬೇಕು, ಅಷ್ಟೇ ಪಾಠ. ಡ್ರೈವರ್ ಹುಬ್ಬು ಗಂಟಿಕ್ಕಿ, ಏನೋ ಬೇಡ ಎಂದು ಗುಡುಗಿದ ಕೂಡಲೆ ಇವನು ಏನೂ ಇಲ್ಲ ದೊಡ್ಡಪ್ಪ ಎಂದು ಕಾಲು ಹಿಂದಿಟ್ಟ. ಹನ್ನೆರಡು ಸಲ ಮಾಡಿಸಿದ. ಹನ್ನೆರಡನೆಯ ಸಲಕ್ಕೆ ಬೇಡ ಎಂಬ ಮಾತು ಹೊರಬಂತು, ಆದರೆ ಅಷ್ಟು ಹೊತ್ತಿಗೆ ಡ್ರೈವರನಿಗೆ ಡ್ಯೂಟಿಯ ಹೊತ್ತಾಗಿ ಅವನು ಮೆಟ್ಟಿಲಿಳಿಯುತ್ತಿದ್ದ.

ಶನಿವಾರ ಬಂತು. ಬರದೆ ಏನು ಮಾಡೀತು? ಹತ್ತು ಗಂಟೆಗೆ ಬೆಂಚಿನ ಮೇಲೆ ಮೂವರು ಓದುಗರು ಪೇಪರು ಹಿಡಿದು ಸಾಲಾಗಿ ಕೂತಿದ್ದರು. ಹೂಂರಾಯನ ಕುರ್ಚಿಯಿಂದ ಒಬ್ಬ ಆಗತಾನೆ ಎದ್ದುಹೋಗಿದ್ದ. ಬಾಗಿಲಲ್ಲಿ ಭಂತೆ ಕಾಣಿಸಿಕೊಂಡರು. ಒಳಗೆ ಬರುತ್ತ ಹೂಂರಾಯನ ಮುಖವನ್ನೊಮ್ಮೆ ನೋಡಿದರು. ಆ ನೋಟದಲ್ಲಿ ಅರ್ಧ ತುಂಟತನ, ಅರ್ಧ ದಿಗಿಲು. ನೀನು ಹೇಳದಿದ್ದರೆ ನಾನು ಹೇಳುತ್ತೇನೆ ಎಂದು ಅವರು ಬರೆದುಕೊಟ್ಟಿರಲಿಲ್ಲ, ಮತ್ತು ಅವರ ಕಾಲು ಕಿಟಕಿಯ ಕಡೆಗೇ ನಡೆಯುತ್ತಿತ್ತು. ದೊಡ್ಡಪ್ಪ ಬಟ್ಟೆ ಕೊಡವಿ ಬನ್ನಿ ಅಂದ.

ಬೇಡ ದೊಡ್ಡಪ್ಪ. ಎರಡೇ ಶಬ್ದ, ಹನ್ನೆರಡು ಸಲ ಅಭ್ಯಾಸ ಮಾಡಿದ್ದು. ಹೂಂರಾಯ ಬಾಯಿ ತೆರೆದ. ಬಾಯಿ ಕೈಕೊಟ್ಟಾಗ ಕಾಲು ಕೆಲಸ ಮಾಡಿತು. ಎರಡು ಹೆಜ್ಜೆ ಹಾಕಿ ಹೋಗಿ ಭಂತೆಗಿಂತ ಮೊದಲು ತಾನೇ ಕಿಟಕಿ ಪಕ್ಕದ ಕುರ್ಚಿಯಲ್ಲಿ ಧೊಪ್ಪನೆ ಕೂತುಬಿಟ್ಟ.

"ಮೊದಲು ನನಗೆ ಶೇವಿಂಗ್ ಮಾಡು ದೊಡ್ಡಪ್ಪ."

ದೊಡ್ಡಪ್ಪ ಬೆರಗಾಗಿ ನೋಡಿದ. ಗಿರಾಕಿ ನಿಂತಿರುವಾಗ ಇದೇನು ಸೋಗು, ಮನೆಯಲ್ಲಿ ಕನ್ನಡಿ ಇಲ್ವಾ ಎಂದು ಗದರಿದ. ಭಂತೆ ತಮಗೆ ಅವಸರವಿಲ್ಲ ಎಂದು ಹೇಳಿ ಸರಕ್ಕನೆ ಬೆಂಚಿನ ಮೇಲೆ ಜಾಗ ಮಾಡಿಕೊಂಡು ಕೂತರು. ಅಷ್ಟು ಚುರುಕಾಗಿ ಅವರು ಕೂತದ್ದನ್ನು ಯಾರೂ ಹಿಂದೆ ನೋಡಿರಲಿಲ್ಲ. ದೊಡ್ಡಪ್ಪ ಗೊಣಗುತ್ತಲೇ ಬಟ್ಟೆ ಕಟ್ಟಿದ, ಬ್ರಷ್ಷಿನಿಂದ ನೊರೆ ಎಬ್ಬಿಸಿ ಗಲ್ಲಕ್ಕೆ ಹಚ್ಚಿದ. ಪಟ್ಟಿಯ ಮೇಲೆ ಕತ್ತಿ ಎಳೆದ. ಎಡಗೈಯ ಎರಡು ಬೆರಳಿನಿಂದ ಗಲ್ಲವನ್ನು ಮೇಲಕ್ಕೆತ್ತಿದ. ಹದಿನಾರರ ವಯಸ್ಸಿನಲ್ಲಿ ಎತ್ತಿದ್ದೂ ಅದೇ ಎರಡು ಬೆರಳು. ಬಲಗೈ ಕತ್ತಿ ಹಿಡಿದು ಗಂಟಲಿನ ಹತ್ತಿರ ಬಂತು.

ಕತ್ತಿಯ ತುದಿ ಗಾಳಿಯಲ್ಲಿ ಸಣ್ಣ ಸಣ್ಣ ಸುತ್ತು ಹಾಕುತ್ತಿತ್ತು. ಹೂಂರಾಯನಿಗೆ ಕನ್ನಡಿಯಲ್ಲಿ ಎಲ್ಲ ಕಾಣುತ್ತಿತ್ತು. ಭಯ ಬಂತು, ಭಯ ಬಂತು ಎಂದು ಭಂತೆ ಕಲಿಸಿದಂತೆ ಗುರುತಿಸಿದ. ಗುರುತಿಸಿದ್ದರಿಂದ ಏನೂ ಕಡಿಮೆಯಾಗಲಿಲ್ಲ. ಈ ಸಲ ಕುರ್ಚಿ ಕೊಡಲೂ ಆಗುವಂತಿರಲಿಲ್ಲ, ಕುರ್ಚಿಯಲ್ಲಿ ತಾನೇ ಕೂತಿದ್ದ. ಹಿಂದೆ ಬೆಂಚಿನ ಮೇಲೆ ಪೇಪರುಗಳು ಒಂದೊಂದಾಗಿ ಕೆಳಗಿಳಿದವು. ಕತ್ತಿ ಚರ್ಮಕ್ಕೆ ತಾಗಲಿಲ್ಲ. ಒಂದು ಅಂಗುಲ ದೂರದಲ್ಲಿ ನಿಂತಿತು, ಹಿಂದೆ ಹೋಯಿತು, ಮತ್ತೆ ಬಂತು, ಮತ್ತೆ ನಿಂತಿತು. ದೊಡ್ಡಪ್ಪ ಮೆಲ್ಲಗೆ ತಲೆಯೆತ್ತಿ ಕನ್ನಡಿಯಲ್ಲಿ ಅವನ ಕಣ್ಣನ್ನು ಹುಡುಕಿದ.

"ನನ್ನ ಕೈ ನಡುಗ್ತಿದೆಯೇನೋ?"

ಎಂಥ ಪ್ರಶ್ನೆ ನೋಡಿ. ಹುಟ್ಟಿದಾಗಿನಿಂದ ಹೇಳಿಕೊಂಡು ಬಂದ ಒಂದೇ ಅಕ್ಷರ ಹೇಳಿದರೆ ಸಾಕಿತ್ತು. ಬೆಳಗಿನಿಂದ ಸಂಜೆಯವರೆಗೆ ನೂರು ಸಲ, ಕೇಳಿದವರಿಗೆ ಕೇಳದವರಿಗೆ ಎಲ್ಲರಿಗೂ ಬಿಟ್ಟಿಯಾಗಿ ಹಂಚಿದ ಅಕ್ಷರ. ಅದು ಈಗ ಹೊಟ್ಟೆಯ ತಳದಲ್ಲಿ ಗುಂಡುಕಲ್ಲಿನ ಹಾಗೆ ಕೂತುಬಿಟ್ಟಿತು. ಇಲ್ಲ ದೊಡ್ಡಪ್ಪ, ಎಲ್ಲಿ ನಡುಗ್ತಿದೆ, ನಿನ್ನ ಭ್ರಮೆ ಎಂಬ ಮಾತು ಮಾತ್ರ ನಾಲಿಗೆಯ ತುದಿಗೆ ಓಡಿ ಬಂದು ಸಾಲಾಗಿ ನಿಂತಿತು. ಬೇಡ, ಇಲ್ಲ ಎನ್ನಲು ಧೈರ್ಯ ಬೇಕು ಎಂದು ಒಂದೂವರೆ ವರ್ಷ ಅಂದುಕೊಂಡಿದ್ದವನಿಗೆ ಹೂಂ ಎನ್ನುವುದಕ್ಕೇ ಬೆವರು ಬಂತು. ನೊರೆ ಹಚ್ಚಿದ ಗಲ್ಲದ ಮೇಲೆ ನೀರು ಇಳಿಯಿತು. ಅದು ಬೆವರೋ ಕಣ್ಣೀರೋ ಅವನೇ ಬಲ್ಲ.

"ಹೂಂ," ಅಂದ.

ದೊಡ್ಡಪ್ಪ ಕತ್ತಿಯನ್ನು ಮಡಚಿ ಮೇಜಿನ ಮೇಲಿಟ್ಟ. ಅದು ಎರಡು ಸಲ ಟಕಟಕ ಅಂದು ಕೂತಿತು. ಎಷ್ಟು ದಿನದಿಂದ ಎಂದು ಕೇಳಿದ. ಒಂದೂವರೆ ವರ್ಷ ಎಂದು ಹೂಂರಾಯ ಹೇಳಿದ. ದೊಡ್ಡಪ್ಪ ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಬಹಳ ಹೊತ್ತು ನೋಡಿದ.

"ನನಗೂ ಹಾಗೇ ಅನ್ನಿಸ್ತಿತ್ತು. ಆದ್ರೆ ಕೇಳಿದೋರೆಲ್ಲ ಸರಿಯಾಯ್ತು, ಸರಿಯಾಯ್ತು ಅಂತಿದ್ರಲ್ಲ. ಕೈ ಸರಿಯಾಗೇ ಇದೆ, ನನ್ನ ತಲೆನೇ ಕೆಟ್ಟಿದೆ ಅಂದ್ಕೊಂಡೆ ಕಣೋ. ಒಬ್ಬನೇ ಒದ್ದಾಡಿದೆ."

ಹೂಂರಾಯನಿಗೆ ಎದೆಗೆ ಒದ್ದ ಹಾಗಾಯಿತು. ತಾನು ಹೆದರಿ ಮುಚ್ಚಿಟ್ಟದ್ದು ಮುದುಕನನ್ನು ಕಾಪಾಡಿರಲಿಲ್ಲ, ಒಂಟಿ ಮಾಡಿತ್ತು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ ಎಂದು ಕತ್ತಿ ಮೊಂಡು ಮಾಡಿದ್ದನ್ನೂ ಹೇಳಿಬಿಟ್ಟ. ದೊಡ್ಡಪ್ಪನ ಮುಖ ಮೊದಲು ಬಿಳುಚಿತು, ಆಮೇಲೆ ಕೆಂಪಾಯಿತು. ಆ ಶನಿವಾರ ಕತ್ತಿ ಹರಿತವಾಗದಿದ್ದದ್ದನ್ನು ಕಂಡು, ಪಟ್ಟಿ ಎಳೆಯುವ ವಿದ್ಯೆಯೂ ಕೈಬಿಟ್ಟುಹೋಯಿತು ಎಂದು ಆತ ಎರಡು ದಿನ ಊಟ ಬಿಟ್ಟು, ಆಮೇಲೆ ಕತ್ತಿಯನ್ನು ಸಾಣೆಗೆ ಕೊಟ್ಟು ಹರಿತ ಮಾಡಿಸಿ ತಂದಿದ್ದನಂತೆ. ಅಯೋಗ್ಯ, ಹೊಟ್ಟೆಗೆ ಅನ್ನ ಹಾಕಿದ್ದಕ್ಕೆ ಕತ್ತಿಗೆ ಕಲ್ಲು ಹಾಕ್ತೀಯಾ ಎಂದು ಶುರುಮಾಡಿದವನು ಅಷ್ಟಕ್ಕೇ ನಿಲ್ಲಿಸಲಿಲ್ಲ. ಬೆಂಚಿನ ಕಡೆ ತಿರುಗಿ ಮೂವರು ಓದುಗರನ್ನೂ ಝಾಡಿಸಿದ. ನಡುವಿನವನು ತಿಂಗಳಿನಿಂದ ಓದುತ್ತಿರುವುದು ಒಂದೇ ಹಳೆಯ ಪೇಪರು ಎಂಬುದು ತನಗೆ ಗೊತ್ತು ಅಂದ. ಕೊನೆಗೆ ಭಂತೆ. ಧೈರ್ಯ ಹೇಳಿಕೊಡುವ ದೊಡ್ಡ ಮನುಷ್ಯರು, ತಲೆ ತುಂಬ ಹತ್ತಿ ಅಂಟಿಸಿಕೊಂಡು ಬಹಳ ಚೆನ್ನಾಗಾಯ್ತು ಅಂತ ಹೇಳೋಕೆ ನಾಚಿಕೆ ಆಗಲಿಲ್ವಾ ಎಂದು ಕೇಳಿದ. ನಾಚಿಕೆ ಆಯಿತು ಎಂದು ಭಂತೆ ಕೈಮುಗಿದರು. ಹಿಂದೆ ಟೊಮ್ಯಾಟೊ ಬಿದ್ದಾಗಲೂ ಇಷ್ಟು ಖುಷಿಯಾಗಿರಲಿಲ್ಲ ಎಂಬಂತೆ ಅವರ ಹೊಟ್ಟೆ ಅಲುಗುತ್ತಿತ್ತು.

ಬೈದು ಸುಸ್ತಾಗಿ ದೊಡ್ಡಪ್ಪ ಒಂದು ಲೋಟ ನೀರು ಕುಡಿದ. ಕೈ ನಡುಗಿ ನೀರು ಅಂಗಿಯ ಮೇಲೆ ಚೆಲ್ಲಿತು. ಈ ಸಲ ಅದನ್ನು ಮರೆಮಾಚಲು ಯಾರ ಕಡೆಗೂ ಬೆನ್ನು ತಿರುಗಿಸಲಿಲ್ಲ. ಸೋಮವಾರ ಡಾಕ್ಟರ ಹತ್ತಿರ ಹೋಗೋಣ, ನಿನ್ನ ಹೆಂಡತಿಗೆ ಹೇಳು ಎಂದಷ್ಟೇ ಹೇಳಿದ. ಆಮೇಲೆ ಅರ್ಧ ನೊರೆಯ ಮುಖದಲ್ಲಿ ಇನ್ನೂ ಕೂತೇ ಇದ್ದ ಹೂಂರಾಯನ ಕೊರಳಿನ ಬಟ್ಟೆ ಬಿಚ್ಚಿ, ಮುಖ ಒರೆಸು, ಏಳು, ಭಂತೆಯವರನ್ನು ಕೂರಿಸು ಅಂದ. ಭಂತೆ ಕೂತರು. ಹೂಂರಾಯ ತನ್ನ ಬ್ಲೇಡಿಗೆ ಕೈ ಹಾಕಿದ. ದೊಡ್ಡಪ್ಪ ಆ ಕೈ ತಡೆದು, ಗುರು ಕೊಟ್ಟ ಕತ್ತಿಯನ್ನು ಬಿಚ್ಚಿ ಅವನಿಗೆ ಹಿಡಿಸಿದ. ತಾನು ಎರಡೂ ಅಂಗೈಯಿಂದ ಭಂತೆಯವರ ಕೆನ್ನೆಗಳನ್ನು ಒತ್ತಿ ಹಿಡಿದು ತಲೆ ಅಲುಗದಂತೆ ನಿಂತ. ಹಾಗೆ ಊರಿ ಹಿಡಿದಾಗ ಆ ಕೈ ನಡುಗಲಿಲ್ಲ.

ಕತ್ತಿ ಭಾರವಾಗಿತ್ತು. ಇಪ್ಪತ್ತೈದು ವರ್ಷದಲ್ಲಿ ಅದನ್ನು ಹೂಂರಾಯ ಕೆಲಸಕ್ಕೆಂದು ಹಿಡಿದದ್ದು ಅದೇ ಮೊದಲು. ತಲೆಯ ಹತ್ತಿರ ತಂದ. ತುದಿ ಗಾಳಿಯಲ್ಲಿ ಸಣ್ಣದೊಂದು ಸುತ್ತು ಹಾಕಿತು. ಭಂತೆ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡರು.

"ನಿನ್ನ ಕೈ ನಡುಗ್ತಿದೆ," ಅಂದ ದೊಡ್ಡಪ್ಪ.

"ಹೂಂ."

"ನೋಡಿದ್ಯಾ, ಎಷ್ಟು ಹೊತ್ತು ಹಿಡೀತು ಹೇಳೋಕೆ? ಒಂದು ಕ್ಷಣ. ನೀನು ಒಂದೂವರೆ ವರ್ಷ ತಗೊಂಡೆ. ಈಗ ಉಸಿರು ಎಳ್ಕೊ, ಆಮೇಲೆ ಹಿಂದಿನಿಂದ ಶುರು ಮಾಡು."

ಹೂಂರಾಯ ಉಸಿರು ಎಳೆದುಕೊಂಡ, ಹಿಂದಿನಿಂದ ಶುರುಮಾಡಿದ. ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು, ಹತ್ತಿ ಮಾತ್ರ ಒಂದೂ ಬೇಕಾಗಲಿಲ್ಲ. ಅಷ್ಟೂ ಹೊತ್ತು ದೊಡ್ಡಪ್ಪ ಅಲ್ಲಿ ಉಳಿದಿದೆ, ಇಲ್ಲಿ ಬಿಟ್ಟಿದೀಯ ಎಂದು ತಪ್ಪು ಹೇಳುತ್ತಲೇ ಇದ್ದ. ಮುಗಿದ ಮೇಲೆ ಹೂಂರಾಯ ಭಂತೆಯವರ ಭುಜ ತಟ್ಟಿ, ಸರಿ ಆಯ್ತಾ ಎಂದು ಕೇಳಿದ. ಭಂತೆ ಕನ್ನಡಿಯಲ್ಲಿ ಎಡಗಡೆ ನೋಡಿಕೊಂಡರು, ಬಲಗಡೆ ನೋಡಿಕೊಂಡರು, ದೊಡ್ಡಪ್ಪನ ಮುಖ ನೋಡಿದರು.

"ಇಲ್ಲ," ಅಂದರು, "ಕಿವಿಯ ಹಿಂದೆ ಸ್ವಲ್ಪ ಉಳಿದಿದೆ."